ವಿಲಾಯತಿ ಮಂತ್ರಿಯ ಹದಿನಾಲ್ಕನೆಯ ಅಧ್ಯಾಯ

ನನ್ನ ಕಪಾಟಿನಲ್ಲಿ ಒಂದು ಹಸ್ತಪ್ರತಿ ಇದೆ. ಒಬ್ಬ ಬ್ರಿಟಿಷ್ ಮಂತ್ರಿಯ ಜೀವನಚರಿತ್ರೆ. ಒಟ್ಟು ಹದಿನೈದು ಅಧ್ಯಾಯ. ಹದಿನಾಲ್ಕನೆಯದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದು, ತಿದ್ದಿ, ಶುದ್ಧಪ್ರತಿ ಮಾಡಿ, ದಾರ ಕಟ್ಟಿ ಇಟ್ಟಿದ್ದೇನೆ. ಊರವರು ಸಿಕ್ಕಾಗಲೆಲ್ಲ "ಏನ್ರಿ ಸರ್, ನಿಮ್ಮ ಮಂತ್ರಿ ಯಾವಾಗ ಹೊರಗ ಬರತಾನ್ರಿ?" ಎಂದು ಕೇಳುತ್ತಾರೆ. ಕಣ್ಣು ಸರಿ ಇಲ್ಲ ಎನ್ನುತ್ತೇನೆ, ಇಲ್ಲವೆ ಪ್ರಕಾಶಕರು ಸಿಕ್ಕಿಲ್ಲ ಎನ್ನುತ್ತೇನೆ. ಎರಡೂ ಸುಳ್ಳು. ಕಣ್ಣು ಚೆನ್ನಾಗಿಯೇ ಇದೆ. ಪ್ರಕಾಶಕರು ಎರಡು ಸಲ ಫೋನ್ ಮಾಡಿ ಬೇಸತ್ತು ಬಿಟ್ಟಿದ್ದಾರೆ.

ನಾನು ಸಂಖದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರನಾಗಿ, ಕೊನೆಗೆ ಹೆಡ್‌ಮಾಸ್ತರನಾಗಿ ನಿವೃತ್ತಿಯಾದವನು. ಊರು ಮಹಾರಾಷ್ಟ್ರದ್ದು, ಮಾತು ಕನ್ನಡದ್ದು. ಬೆಳಗ್ಗೆ ಕನ್ನಡದಲ್ಲಿ ಹಾಜರಿ ಕೂಗಿ, ಮಧ್ಯಾಹ್ನ ಅದೇ ಹಾಜರಿಯನ್ನು ಮರಾಠಿಯಲ್ಲಿ ಬರೆದು ಆಫೀಸಿಗೆ ಕಳಿಸುವ ನೌಕರಿ. ಇದರಲ್ಲಿ ನಮಗೆ ವಿಶೇಷವೇನೂ ಅನ್ನಿಸುತ್ತಿರಲಿಲ್ಲ. ಪಾಠಕ್ಕೆ ಒಂದು ಭಾಷೆ, ಕಾಗದಕ್ಕೆ ಒಂದು ಭಾಷೆ. ಕೈ ತಾನೇ ತಿರುಗುತ್ತಿತ್ತು.

ಆ ಮಂತ್ರಿ ನನಗೆ ಸಿಕ್ಕಿದ್ದು ಮಿರಜದ ಒಂದು ರದ್ದಿ ಅಂಗಡಿಯಲ್ಲಿ. ರಟ್ಟು ಹೋಗಿದ್ದ ಇಂಗ್ಲಿಷ್ ಪುಸ್ತಕ, ಮೊದಲ ಕೆಲವು ಹಾಳೆಗಳೂ ಇರಲಿಲ್ಲ. ಆಗ ನಾನಿನ್ನೂ ಹೊಸ ಮಾಸ್ತರ. ಬಸ್ಸಿನಲ್ಲಿ ಓದಲು ಶುರು ಮಾಡಿ ಜತ್ತ ದಾಟಿದ್ದು ಗೊತ್ತಾಗಲಿಲ್ಲ. ಅವನ ಹೆಸರು ಇಲ್ಲಿ ಬೇಡ, ಹೇಳಿದರೂ ನಿಮಗೆ ತಿಳಿಯಲಿಕ್ಕಿಲ್ಲ. ಕುದುರೆಗಳಿಗೆ ಲಾಳ ಬಡಿಯುವವನ ಮಗ. ಕೆಲವು ವರ್ಷ ಹಳ್ಳಿಯಲ್ಲಿ ಮಾಸ್ತರಿಕೆ ಮಾಡಿದ್ದ. ನನಗೆ ಅಷ್ಟು ಸಾಕಾಯಿತು, ನಮ್ಮವನೇ ಅನ್ನಿಸಿಬಿಟ್ಟ. ಎರಡು ಸಲ ಚುನಾವಣೆಯಲ್ಲಿ ಬಿದ್ದು ಮೂರನೆಯ ಸಲ ಗೆದ್ದ. ಮೊದಲು ಯಾವುದೋ ಸಣ್ಣ ಖಾತೆ, ಆಮೇಲೆ ಮಂತ್ರಿಮಂಡಲದಲ್ಲಿ ಕುರ್ಚಿ. ಮಂತ್ರಿಯಾದ ಮೇಲೂ ಶನಿವಾರ ರೈಲು ಹತ್ತಿ ತನ್ನ ಕ್ಷೇತ್ರಕ್ಕೆ ಬಂದು, ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಒಬ್ಬೊಬ್ಬರನ್ನೇ ಒಳಗೆ ಕರೆದು ಅವರ ಕಷ್ಟ ಕೇಳುತ್ತಿದ್ದ. ಅಲ್ಲಿನ ಮಂತ್ರಿಗಳಿಗೆ ಸರಕಾರದ ಕಾಗದಗಳನ್ನು ಒಂದು ಕೆಂಪು ಪೆಟ್ಟಿಗೆಯಲ್ಲಿ ಮನೆಗೆ ಕಳಿಸುತ್ತಾರಂತೆ. ಇವನು ಪೆಟ್ಟಿಗೆಯ ಪ್ರತಿ ಕಾಗದವನ್ನೂ ಪೂರ್ತಿ ಓದದೆ ಸಹಿ ಮಾಡುತ್ತಿರಲಿಲ್ಲ.

ಇಂಥವನ ಕೈಕೆಳಗಿನ ಅಧಿಕಾರಿಯೊಬ್ಬ ಒಂದು ತಪ್ಪು ಮಾಡಿದ. ಬಡ ರೈತನೊಬ್ಬನಿಗೆ ಹಿಂದಿರುಗಿಸಬೇಕಾಗಿದ್ದ ಭೂಮಿಯನ್ನು ಬೇರೆಯವರಿಗೆ ಕೊಟ್ಟುಬಿಟ್ಟ. ಮಂತ್ರಿಗೆ ಇದರ ಸುಳಿವೂ ಇರಲಿಲ್ಲ. ವಿಷಯ ಹೊರಬಿದ್ದಾಗ ಅಧಿಕಾರಿಯ ಹೆಸರು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಅವನು ಪಾರ್ಲಿಮೆಂಟ್ ಸಭೆಯಲ್ಲಿ ಎದ್ದು ನಿಂತು, ಅಧಿಕಾರಿ ನನ್ನವನು, ಹಾಗಾಗಿ ತಪ್ಪೂ ನನ್ನದು ಎಂದು ಹೇಳಿ ರಾಜೀನಾಮೆ ಕೊಟ್ಟ. ಆಮೇಲೆ ಬಹಳ ವರ್ಷ ಹಿಂದಿನ ಸಾಲಿನಲ್ಲಿ ಕೂತ. ಮುದುಕನಾಗಿ ಸತ್ತ. ಜನ ಮರೆತರು.

ನಾನು ಮಾತ್ರ ಮರೆಯಲಿಲ್ಲ, ಮರೆಯಲು ಯಾರನ್ನೂ ಬಿಡಲೂ ಇಲ್ಲ. ಪ್ರತಿವರ್ಷ ಏಳನೆಯ ತರಗತಿಗೆ ನಾಗರಿಕಶಾಸ್ತ್ರ ಕಲಿಸುವಾಗ ಈ ಕಥೆಯನ್ನು ಆಟ ಮಾಡಿ ಆಡಿಸುತ್ತಿದ್ದೆ. ಅವರ ಸಭೆಯಲ್ಲಿ ಎರಡು ಪಕ್ಷದವರು ಎದುರುಬದುರು ಕೂಡುತ್ತಾರಲ್ಲ, ಹಾಗೆ ಎರಡು ಜಮಖಾನೆ ಹಾಸಿ ಮಕ್ಕಳನ್ನು ಕೂಡಿಸುತ್ತಿದ್ದೆ. ಅರ್ಧ ಜನ ಆಳುವವರು, ಅರ್ಧ ಜನ ಕೂಗುವವರು. ಕೂಗುವವರ ಕಡೆ ಹೋಗಲು ಜಗಳವೇ ಆಗುತ್ತಿತ್ತು. ಒಬ್ಬರು ಆ ಅಧಿಕಾರಿ. ಅಧಿಕಾರಿಯ ಪಾತ್ರಕ್ಕೆ ಮಾತಿರಲಿಲ್ಲ, ಬಾಗಿಲ ಹತ್ತಿರ ಸುಮ್ಮನೆ ನಿಲ್ಲಬೇಕು ಅಷ್ಟೇ. ಮಂತ್ರಿ ಯಾವಾಗಲೂ ನಾನೇ. ಎರಡೂ ಕಡೆಯ ಗದ್ದಲ ನಿಂತ ಮೇಲೆ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, "ತಪ್ಪು ನನ್ನದು" ಎನ್ನುತ್ತಿದ್ದೆ. ನನ್ನ ದನಿ ಹೊರಗಿನ ಬೇವಿನ ಕಟ್ಟೆಯವರೆಗೆ ಕೇಳುತ್ತಿತ್ತು. ಕಟ್ಟೆಯ ಮೇಲಿನವರು ನನಗೆ ವಿಲಾಯತಿ ಮಂತ್ರಿ ಎಂದೇ ಹೆಸರಿಟ್ಟರು. ನನಗೆ ಅದು ಇಷ್ಟವಾಗಿತ್ತು ಎಂಬುದನ್ನು ಯಾಕೆ ಮುಚ್ಚಿಡಲಿ?

ನಿವೃತ್ತಿಗೆ ಎರಡು ವರ್ಷ ಇದ್ದಾಗ ಅವನ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ಕೂತೆ. ಅದೇ ಹೊತ್ತಿಗೆ ನಮ್ಮ ಶಾಲೆಗೆ ಒಬ್ಬ ಶಿಕ್ಷಕಿ ವರ್ಗವಾಗಿ ಬಂದಳು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ, ಆಕೆ ನನ್ನ ಕೈಯಲ್ಲೇ ಕಲಿತವಳಾಗಿದ್ದರೂ. ಐದನೆಯ ತರಗತಿಯ ಸ್ಕಾಲರ್‌ಶಿಪ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಕೆಲಸವನ್ನು ಆಕೆಗೆ ಹಚ್ಚಿದೆ. ಏಳು ಮಕ್ಕಳನ್ನು ಆರಿಸಿ, ಶಾಲೆ ಬಿಟ್ಟ ಮೇಲೂ ಕೂಡಿಸಿಕೊಂಡು ಕಲಿಸುತ್ತಿದ್ದಳು. ಆ ಏಳರಲ್ಲಿ ಒಬ್ಬ ಹುಡುಗಿ ಬಹಳ ಚುರುಕು. ಅವಳ ತಾಯಿ ಕಂಡವರ ಹೊಲದಲ್ಲಿ ಕೂಲಿ ಮಾಡುವವಳು. ಹುಡುಗಿ ಅಕ್ಕೋರ ಸೆರಗು ಬಿಡುತ್ತಿರಲಿಲ್ಲ. ಅವರ ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೂ ಹೋಗುತ್ತಿದ್ದಳು. ಪಾಸಾದರೆ ಮುಂದೆ ದೊಡ್ಡ ಊರಿನ ಶಾಲೆ, ಹಾಸ್ಟೆಲ್ ಎಂದೆಲ್ಲ ಇಬ್ಬರೂ ಸೇರಿ ಲೆಕ್ಕ ಹಾಕಿಟ್ಟಿದ್ದರು.

ಅರ್ಜಿ ತುಂಬುವ ಕೊನೆಯ ಮೂರು ದಿನ ಅಕ್ಕೋರು ರಜೆಯ ಮೇಲಿದ್ದರು. ಅವರ ಅತ್ತೆಯನ್ನು ವಿಜಯಪುರದ ಆಸ್ಪತ್ರೆಗೆ ಸೇರಿಸಿದ್ದರು. ಫೋನ್ ಮಾಡಿ "ಸರ್, ಫಾರ್ಮ್ ಉಳದಾವ್ರಿ, ನಾ ಬಂದು ತುಂಬಲೇನ್ರಿ?" ಎಂದರು. "ಅಲ್ಲಿ ಅತ್ತಿನ್ನ ನೋಡ್ಕೋರಿ ಅಕ್ಕೋರ, ನಾ ತುಂಬತೀನಿ" ಎಂದು ನಾನೇ ಹೇಳಿದೆ. ಆಗ ನನ್ನ ಮನಸ್ಸಿನಲ್ಲಿ ಒಳ್ಳೆಯದೇ ಇತ್ತು, ಇದನ್ನಾದರೂ ನಂಬಿ.

ಕೊನೆಯ ದಿನ ಸಂಖಕ್ಕೆ ಹೋಗಿ ಕಂಪ್ಯೂಟರ್ ಅಂಗಡಿಯಲ್ಲಿ ಕೂತೆ. ಮಾಧ್ಯಮ ಎಂಬ ಚೌಕದಲ್ಲಿ ಮೊದಲೇ ಮರಾಠಿ ಎಂದು ಬಂದು ಕೂತಿರುತ್ತದೆ. ಅದನ್ನು ಒತ್ತಿ ಕೆಳಗಿನಿಂದ ಕನ್ನಡ ಆರಿಸಬೇಕು. ನಾನು ಆರಿಸಲಿಲ್ಲ. ಜೀವಮಾನವಿಡೀ ಆಫೀಸಿನ ಕಾಗದ ಮರಾಠಿಯಲ್ಲಿ ತುಂಬಿದ ಕಣ್ಣಿಗೆ ಅಲ್ಲಿ ಮರಾಠಿ ಎಂದಿರುವುದು ಸರಿಯಾಗಿಯೇ ಕಂಡಿತು. ಏಳೂ ಅರ್ಜಿ ಹಾಗೇ ಹೋದವು. ಆ ದಿನ ನಾನು ರಾಜೀನಾಮೆಯ ಅಧ್ಯಾಯವನ್ನು ಬರೆಯುತ್ತಿದ್ದೆ ಎಂದರೆ ಕಥೆ ಚಂದ ಆಗುತ್ತಿತ್ತು, ಆದರೆ ಇಲ್ಲ. ಮಂತ್ರಿಯ ಮದುವೆಯ ಅಧ್ಯಾಯ ನಡೆದಿತ್ತು. ಅವರ ಮದುವೆ ಊಟದ ಒಂದು ಸಿಹಿಗೆ ಕನ್ನಡದಲ್ಲಿ ಏನನ್ನಬೇಕು ಎಂದು ಎರಡು ದಿನದಿಂದ ಒದ್ದಾಡುತ್ತಿದ್ದೆ. ಹುಗ್ಗಿ ಎನ್ನಲೋ ಬೇಡವೋ! ತಲೆಯಲ್ಲಿ ಅದೇ ತುಂಬಿತ್ತು. ಕೊನೆಗೆ ಹುಗ್ಗಿ ಎಂದೇ ಬರೆದೆ. ಈಗ ಆ ಪುಟ ನೋಡಿದರೆ ಹರಿದು ಹಾಕಬೇಕೆನಿಸುತ್ತದೆ.

ತಪ್ಪು ತಿದ್ದಿಕೊಳ್ಳಲು ಇನ್ನೊಂದು ಅವಕಾಶವೂ ಸಿಕ್ಕಿತ್ತು. ಪರೀಕ್ಷೆಯ ಪ್ರವೇಶಪತ್ರಗಳು ಬಂದವು. ಅದರಲ್ಲಿ ಮಾಧ್ಯಮ ಅಚ್ಚಾಗಿರುತ್ತದೆ, ಹೆಡ್‌ಮಾಸ್ತರ ನೋಡಿ ಸಹಿ ಹಾಕಿ ಶಾಲೆಯ ಶಿಕ್ಕೆ ಒತ್ತಬೇಕು. ನಾನು ಒಂದರ ಮೇಲೊಂದು ಇಟ್ಟುಕೊಂಡು ಟಪಟಪ ಒತ್ತಿದೆ. ಅಕ್ಕೋರು ಬಾಗಿಲಲ್ಲಿ ನಿಂತು, "ಒಮ್ಮೆ ನೋಡಲೇನ್ರಿ ಸರ್?" ಎಂದರು.

"ನಾ ಎಲ್ಲಾ ನೋಡೀನ್ರಿ" ಎಂದೆ. ಮಕ್ಕಳು ಕಳೆದುಕೊಂಡಾರೆಂದು ಪತ್ರಗಳನ್ನು ನನ್ನ ಚೀಲದಲ್ಲೇ ಇಟ್ಟುಕೊಂಡು, ಪರೀಕ್ಷೆಯ ದಿನ ಗೇಟಿನಲ್ಲಿ ಕೈಗೆ ಕೊಟ್ಟೆ. ಕೆಂಪು ಪೆಟ್ಟಿಗೆಯ ಬಗ್ಗೆ ಹನ್ನೆರಡು ಪುಟ ಬರೆದವನು ನಾನು.

ಏಳೂ ಮಕ್ಕಳ ಕೈಗೆ ಮರಾಠಿ ಪ್ರಶ್ನೆಪತ್ರಿಕೆ ಬಂತು. ಸಂತೆಯಲ್ಲಿ, ಬಸ್ಸಿನಲ್ಲಿ ಮರಾಠಿ ಮಾತಾಡುವುದು ಬೇರೆ. ಕನ್ನಡದಲ್ಲಿ ಕಲಿತ ಐದನೆಯ ತರಗತಿಯ ಮಕ್ಕಳು ಗಡಿಯಾರ ನೋಡುತ್ತ ಮರಾಠಿಯ ಲೆಕ್ಕ ಓದಿ ಬಿಡಿಸುವುದು ಬೇರೆ. ಪರೀಕ್ಷಾ ಕೇಂದ್ರದವರು ಪಾಪ, ಹುಡುಕಾಡಿದರು. ಹೆಚ್ಚುವರಿ ಕನ್ನಡ ಪತ್ರಿಕೆ ಇರಲಿಲ್ಲ. ಹೊರಗೆ ಬಂದಾಗ ಇಬ್ಬರು ಹುಡುಗರು ಅಳುತ್ತಿದ್ದರು. ಆ ಹುಡುಗಿ ಅಳುತ್ತಿರಲಿಲ್ಲ. ನೇರ ಅಕ್ಕೋರ ಹತ್ತಿರ ಹೋಗಿ, "ಅಂಕಿ ಇದ್ದೂವು ಅಷ್ಟ ಬಿಡಿಸೀನ್ರಿ ಅಕ್ಕೋರ. ಉಳಿದಿದ್ದು ತಿಳೀಲಿಲ್ಲರಿ" ಎಂದಳು. ಅಕ್ಕೋರು ಅವಳ ಪ್ರವೇಶಪತ್ರ ತೆಗೆದುಕೊಂಡು ಓದಿದರು, ಆಮೇಲೆ ನನ್ನ ಕಡೆ ನೋಡಿದರು. ನಾನು ನೀರಿನ ಬಾಟಲಿ ಹುಡುಕುತ್ತಿದ್ದೆ.

ಏಳರಲ್ಲಿ ಒಬ್ಬರೂ ಪಾಸಾಗಲಿಲ್ಲ. ಪಾಲಕರು ಸಿಟ್ಟಾಗಿ ದೂರು ಕೊಟ್ಟರು. ಒಂದು ಮಧ್ಯಾಹ್ನ ವಿಚಾರಣೆಗೆ ಅಧಿಕಾರಿಯೊಬ್ಬರು ಶಾಲೆಗೆ ಬಂದರು. ಪಾಲಕರೆಲ್ಲ ನೆಲದ ಮೇಲೆ ಕೂತಿದ್ದರು. ನಾನು ಅಧಿಕಾರಿಯ ಪಕ್ಕದ ಕುರ್ಚಿಯಲ್ಲಿದ್ದೆ. ಅಕ್ಕೋರು ಬಾಗಿಲ ಹತ್ತಿರ ನಿಂತಿದ್ದರು. ಈ ಕೆಲಸ ಯಾರ ಕಡೆ ಇತ್ತು ಎಂದು ಅಧಿಕಾರಿ ಮರಾಠಿಯಲ್ಲಿ ಕೇಳಿದರು.

ನಾನು ಮರಾಠಿಯಲ್ಲೇ ಉತ್ತರ ಕೊಟ್ಟೆ: ಸ್ಕಾಲರ್‌ಶಿಪ್ ಕೆಲಸ ಈ ಶಿಕ್ಷಕಿಯ ಕಡೆ ಇದೆ, ಸಾಹೇಬ್.

ಆ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ವರ್ಷದ ಮೊದಲಿಗೆ ಕೆಲಸ ಹಂಚಿದ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಹಾಗೆಯೇ ಬರೆದಿತ್ತು, ಅದೂ ನನ್ನ ಕೈಯಿಂದಲೇ. ಅಧಿಕಾರಿ ಆಕೆಯ ಕಡೆ ತಿರುಗಿ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಆಕೆ ಅವರ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತು ಎಂದು ಹೇಳಲಾರೆ, ನಾನು ತಲೆ ಎತ್ತಿದಾಗ ಇನ್ನೂ ನೋಡುತ್ತಿದ್ದಳು. ಆಮೇಲೆ ಇಲ್ಲ ಎಂದು ತಲೆಯಾಡಿಸಿದಳು.

ಯಾಕೆ ಹಾಗೆ ಮಾಡಿದೆ? ಹೆದರಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು, ಇಷ್ಟು ವರ್ಷ ಚೊಕ್ಕವಾಗಿದ್ದ ಸೇವಾಪುಸ್ತಕದಲ್ಲಿ ಕೊನೆಗೆ ಒಂದು ಕಪ್ಪು ಗೆರೆ ಬೀಳುವುದು ಬೇಡವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಬೇವಿನ ಕಟ್ಟೆಯವರ ಮುಂದೆ ನನ್ನ ಮರ್ಯಾದೆ ಹೋಗುವುದು ಬೇಡವಾಗಿತ್ತು. ಆಕೆ ಇನ್ನೂ ಚಿಕ್ಕವಳು, ಹೇಗೋ ದಾಟಿಕೊಳ್ಳುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಥೂ, ಎಂಥ ಸಮಾಧಾನ! ಕಪ್ಪು ಗೆರೆ ಆಕೆಯ ಸೇವಾಪುಸ್ತಕದಲ್ಲಿ ಬಿತ್ತು. ಆ ಬೇಸಿಗೆಯಲ್ಲೇ ಆಕೆಗೆ ಯಳವಿ ಎಂಬ ಊರಿನ ಶಾಲೆಗೆ ಬದಲಿಯಾಯಿತು.

ಆಕೆ ಹೋಗುವ ಮುಂಚೆ ಇನ್ನೊಂದು ನಡೆಯಿತು. ಸಂಖದ ಸಂತೆಯಲ್ಲಿ ನಾನು ಕಾಯಿಪಲ್ಲೆ ಕೊಳ್ಳುತ್ತಿದ್ದೆ. ನಾಲ್ಕು ಹೆಜ್ಜೆಯಾಚೆ ಒಂದು ಹೆಂಗಸಿನ ದನಿ ಏರಿತು. ಆ ಹುಡುಗಿಯ ತಾಯಿ ಅಕ್ಕೋರನ್ನು ಅಡ್ಡಗಟ್ಟಿದ್ದಳು. "ನಾಕ ಅಕ್ಷರ ನೋಡಿ ಒತ್ತಾಕ ನಿನಗ ಬ್ಯಾಸರ ಆತೇನ? ನನ್ನ ಮಗಳ ಬಾಯಾಗ ಮಣ್ಣ ಹಾಕಿದೆಲ್ಲ! ಅಕ್ಕೋರ ಅಕ್ಕೋರ ಅಂತ ನಿನ್ನ ಬೆನ್ನ ಹತ್ತಿ ತಿರಗತಿತ್ತಲ್ಲ ಕೂಸು, ಕರುಳ ಚುರ್ ಅನ್ನಲಿಲ್ಲೇನ ನಿನಗ?" ಹುಡುಗಿ ತಾಯಿಯ ಹಿಂದೆ ನಿಂತು ಅಕ್ಕೋರ ಮುಖ ನೋಡದೆ ಬೇರೆ ಕಡೆ ನೋಡುತ್ತಿದ್ದಳು. ಅಕ್ಕೋರು ನನ್ನ ಹೆಸರು ಎತ್ತಲಿಲ್ಲ. ಜನ ಸುತ್ತ ನೆರೆದರು. ನಾನು ಬದನೆಕಾಯಿಯ ರಾಶಿಯ ಮೇಲೆ ಬಗ್ಗಿ, ಒಂದೊಂದನ್ನೇ ತಿರುವಿ ತಿರುವಿ ಹುಳುಕು ಇದೆಯೇ ಎಂದು ನೋಡಿದೆ. ನನ್ನನ್ನು ಯಾರೂ ನೋಡಲಿಲ್ಲ ಅಂದುಕೊಂಡು ಮನೆಗೆ ಬಂದೆ.

ನಿವೃತ್ತಿಯ ದಿನ ಶಾಲು ಹೊದಿಸಿದರು, ಟೊಪ್ಪಿಗೆ ಇಟ್ಟರು. ಹಳೆಯ ವಿದ್ಯಾರ್ಥಿಯೊಬ್ಬ ಎದ್ದು ಜಮಖಾನೆಯ ಆಟವನ್ನು ನೆನೆಸಿ, "ತಪ್ಪ ನಂದು ಅನ್ನೂದನ್ನ ನಾವು ಸರ್ ಅವರಿಂದ ಕಲತೀವಿ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಯಲ್ಲಿದ್ದ ತೆಂಗಿನಕಾಯಿ ಬೆವರಿಗೆ ಜಾರುತ್ತಿತ್ತು. ಮನೆಗೆ ಬಂದು ಹದಿನಾಲ್ಕನೆಯ ಅಧ್ಯಾಯ ಬರೆಯಲು ಕೂತೆ. ಮಂತ್ರಿಯನ್ನು ಸಭೆಯವರೆಗೆ ತಂದು ಕೂಡಿಸಿದೆ. ಎದ್ದು ನಿಲ್ಲಿಸಲು ಆಗಲಿಲ್ಲ. ಒಂದು ವರ್ಷ ಹೋಯಿತು, ಎರಡನೆಯದೂ ಹೋಯಿತು. ಹದಿನಾಲ್ಕನ್ನು ಬಿಟ್ಟು ಹದಿನೈದನ್ನು ಬರೆದೆ, ಅದರಲ್ಲಿ ಅವನು ಸಾಯುತ್ತಾನೆ. ಅದು ಸುಲಭವಾಗಿತ್ತು.

ಕೊನೆಗೆ ಈ ವರ್ಷ, ಮೂರು ವರ್ಷ ತಡವಾಗಿ, ಅಧ್ಯಾಯದ ಬದಲು ಒಂದು ಪತ್ರ ಬರೆದೆ. ಅರ್ಜಿ ತುಂಬಿದವನು ನಾನು, ಶಿಕ್ಷಕಿ ಆ ಮೂರು ದಿನ ರಜೆಯ ಮೇಲಿದ್ದಳು, ಆಕೆಯ ಸೇವಾಪುಸ್ತಕದಲ್ಲಿ ಬರೆದ ತಪ್ಪಿನ ಶೆರೆ ತೆಗೆಯಬೇಕು ಎಂದು ಮರಾಠಿಯಲ್ಲಿ ಬರೆದು ಸಹಿ ಮಾಡಿ, ಮೊದಲು ಆಕೆಗೆ ತೋರಿಸೋಣ ಎಂದು ಯಳವಿಯ ಬಸ್ಸು ಹತ್ತಿದೆ.

ಆಕೆ ತರಗತಿಯಿಂದ ಹೊರಗೆ ಬಂದಳು. ಕೂದಲು ಅಲ್ಲಲ್ಲಿ ನೆರೆತಿತ್ತು. "ಬರ್ರಿ ಸರ್, ಕುಂದ್ರಿ. ಇಷ್ಟ ದೂರ ಬಂದೀರಿ" ಎಂದು ಕುರ್ಚಿ ಕೊಟ್ಟು ನೀರು ತಂದಳು. ಪತ್ರವನ್ನು ನಿಧಾನವಾಗಿ ಓದಿ ಮಡಿಚಿದಳು.

"ಇದರಾಗಿಂದು ನನಗ ಗೊತ್ತಿಲ್ಲದ್ದು ಯಾವುದೂ ಇಲ್ಲರಿ ಸರ್."

"ಹಂಗಾದ್ರ ಅವತ್ತ ಯಾಕ ಹೇಳಲಿಲ್ಲರಿ? ಹಾಜರಿ ಪುಸ್ತಕದಾಗ ನಿಮ್ಮ ರಜಾ ಇತ್ತಲ್ಲ, ತೋರಿಸಬೇಕಿಲ್ಲ?" ಎಂದೆ. ನೋಡಿ ನನ್ನ ಬುದ್ಧಿ, ಕೇಳುವಾಗಲೂ ಆಕೆಯದೇ ತಪ್ಪು ಎಂಬಂತೆ ಕೇಳಿದೆ.

"ನೀವು ಹೇಳತೀರಿ ಅಂತ ಕಾಯ್ಕೋತ ನಿಂತಿದ್ನಿರಿ" ಎಂದಳು. ಸಿಟ್ಟಿನಿಂದೇನೂ ಅಲ್ಲ. "ಏಳನೇತ್ತೆ ಇದ್ದಾಗ ನೀವು ನನ್ನ ಆ ಆಫೀಸರ್ ಮಾಡಿದ್ರಿ, ನೆನಪೈತಿಲ್ಲ? ಬಾಗಲದಾಗ ನಿಲ್ಲಿಸಿದ್ರಿ. ಎಲ್ಲಾರೂ ನನ್ನ ಕಡೆ ಕೈ ಮಾಡಿ ಒದರಾಕ ಹತ್ತಿದ್ರು, ನನಗ ಅಳು ಬಂದಿತ್ತು. ಆಗ ನೀವು ಎದ್ದು ತಪ್ಪು ನನ್ನದು ಅಂದ್ರಿ. ಅವತ್ತೂ ಬಾಗಲದಾಗ ನಿಂತು ಅದನ್ನ ನೆನಸಾಕ ಹತ್ತಿದ್ನಿ. ಈಗ ಏಳತಾರ, ಈಗ ಏಳತಾರ ಅಂತ."

ನನಗೆ ನೆನಪಿರಲಿಲ್ಲ. ಎಷ್ಟು ವರ್ಷ, ಎಷ್ಟು ಮಕ್ಕಳು. ಬಾಗಿಲಲ್ಲಿ ನಿಂತವರ ಮುಖ ನಾನು ಯಾವತ್ತೂ ನೋಡಿಯೇ ಇರಲಿಲ್ಲ. ರದ್ದಿ ಅಂಗಡಿಯ ಆ ಪುಸ್ತಕದಲ್ಲೂ ಮಂತ್ರಿಯ ಆ ಅಧಿಕಾರಿ ಆಮೇಲೆ ಏನಾದ ಎಂದು ಒಂದು ಸಾಲಿಲ್ಲ. ನಾನು ಕೈಮುಗಿದೆ. ಆಕೆ ನನ್ನ ಕೈ ಬಿಡಿಸಿದಳು.

"ಪತ್ರ ಆಫೀಸಿಗೆ ಕೊಡ್ರಿ, ಬ್ಯಾಡ ಅನ್ನಂಗಿಲ್ಲ. ಆದರ ನನಗ ಆಫೀಸಿಂದು ಅಷ್ಟ ನೋವಿಲ್ಲರಿ ಸರ್. ಆ ಹುಡುಗಿ ನನ್ನ ಕಂಡ್ರ ಇವತ್ತೂ ಮಾರಿ ತಿರುವತಾಳ. ಮೊನ್ನೆ ಜತ್ತ ಸ್ಟ್ಯಾಂಡಿನ್ಯಾಗ ಸಿಕ್ಕಿದ್ಲು, ಬಸ್ ಬಿಟ್ಟು ಬ್ಯಾರೆ ಬಸ್ಸಿಗೆ ಹೋದ್ಲು. ಅವರ ಮನಿಗೆ ಹೋಗಿ ಹೇಳ್ರಿ." ಇಷ್ಟು ಹೇಳಿ ಮಡಿಚಿದ ಪತ್ರವನ್ನು ನನ್ನ ಕೈಗೆ ಕೊಟ್ಟಳು.

ಪತ್ರವನ್ನು ಆಫೀಸಿಗೆ ಕೊಟ್ಟೆ. ಕಾರಕೂನ ಓದಿ, ನಿವೃತ್ತಿ ಆದ ಮೇಲೆ ಇದೆಲ್ಲ ಯಾಕೆ ಸರ್ ಎಂದು ನಕ್ಕು, ಪತ್ರ ಮುಟ್ಟಿದ್ದಕ್ಕೆ ಪೋಚ್ ಬರೆದು ಕೊಟ್ಟ. ಅದು ಕಾಗದದ ಕೆಲಸ, ನನಗೆ ರೂಢಿಯಾದದ್ದು. ಹುಡುಗಿಯ ಮನೆಗೆ ಹೋಗಲು ಇನ್ನೂ ಎಂಟು ದಿನ ತಗೊಂಡೆ.

ಅವರೀಗ ಬಿಳೂರಿನ ಕಡೆ ಒಂದು ದ್ರಾಕ್ಷಿ ತೋಟದಲ್ಲಿ ಕೆಲಸಕ್ಕಿದ್ದಾರೆ, ಅಲ್ಲೇ ಒಂದು ಖೋಲಿಯಲ್ಲಿ ವಾಸ. ನಾನು ಹೋದಾಗ ಹುಡುಗಿ ಶಾಲೆಗೆ ಹೋಗಿದ್ದಳು. ತಾಯಿ ಬಳ್ಳಿ ಸವರುವ ಕತ್ತರಿ ಹಿಡಿದುಕೊಂಡೇ ಸಾಲಿನಿಂದ ಹೊರಬಂದಳು. "ಅಯ್ಯ, ಸರ್! ಬರ್ರಿ, ನೆಳ್ಳಿಗೆ ಕುಂದ್ರಿ" ಎಂದಳು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ: ಅರ್ಜಿ ತುಂಬಿದ್ದು ನಾನು, ನೋಡದೆ ಶಿಕ್ಕೆ ಒತ್ತಿದ್ದು ನಾನು, ಅಕ್ಕೋರದು ಏನೂ ತಪ್ಪಿಲ್ಲ. ಕೊನೆಗೆ "ತಪ್ಪು ನನ್ನದು" ಎಂದೆ. ತರಗತಿಯಲ್ಲಿ ಹೇಳಿದರೆ ಕಟ್ಟೆಯವರೆಗೆ ಕೇಳುತ್ತಿದ್ದ ಮಾತು ಎರಡು ಹೆಜ್ಜೆ ದೂರದಲ್ಲಿದ್ದ ಅವಳಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಕತ್ತರಿಗೆ ಅಂಟಿದ್ದ ಎಲೆ ತೆಗೆಯುತ್ತ ಹೇಳಿದಳು:

"ಅವತ್ತ ಸಂತ್ಯಾಗ ನೀವು ಅಲ್ಲೇ ಇದ್ರಿ ಸರ್. ಬದನಿಕಾಯಿ ಆರಸ್ಕೋತ ನಿಂತಿದ್ರಿ. ನಾ ನಿಮ್ಮನ್ನ ನೋಡೀನಿ."

ಅವಳು ಕತ್ತರಿಯನ್ನು ಒಮ್ಮೆ ತೆರೆದು ಮುಚ್ಚಿದಳು.

"ಮೊದಲ ಎರಡ ಮಾತ ಅಂದು ನನಗೂ ಅಂಜಿಕಿ ಬಂದಿತ್ರಿ, ಸಾಲಿ ಕಲಿಸವ್ರಿಗೆ ಹಿಂಗ ಅನ್ನಬಾರದು ಅಂತ. ಆಮ್ಯಾಲ ನಿಮ್ಮನ್ನ ನೋಡಿದ್ನಿ. ಹೆಡ್‌ಮಾಸ್ತರ ಇಲ್ಲೇ ಅದಾರ, ಸುಮ್ಮ ಅದಾರ ಅಂದ್ರ ನಾ ಅನ್ನೂದು ಖರೇನ ಐತಿ ಅನಿಸ್ತು. ಅದಕ್ಕ ಇನ್ನೀಟ ಜೋರ್ ಮಾಡಿ ಬೈದ್ನಿರಿ."

ಕತ್ತರಿಯನ್ನು ತಂತಿಗೆ ಸಿಗಿಸಿದಳು. ಕೈಯನ್ನು ಸೀರೆಗೆ ಒರೆಸಿಕೊಂಡಳು. ಖೋಲಿಯ ಮುಂದೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿ, ಸಾಲಿನ ಆಚೆಗಿದ್ದ ಹೆಂಗಸಿಗೆ "ನಂದು ಇವತ್ತ ಅರ್ಧಾ ದಿನ" ಎಂದು ಕೂಗಿ ಹೇಳಿ, ನನ್ನ ಕಡೆ ತಿರುಗಿದಳು.

"ಅಕ್ಕೋರು ಯಳವ್ಯಾಗ ಅದಾರಲ್ರಿ, ಅಲ್ಲಿಗೆ ಬಸ್ ಎಷ್ಟಕ್ಕ ಐತ್ರಿ ಸರ್?"

ನನಗೆ ಗೊತ್ತಿತ್ತು. ಜತ್ತಕ್ಕೆ ಹೋಗಿ ಅಲ್ಲಿಂದ ಬಸ್ಸು ಬದಲಿಸಬೇಕು ಎಂದು ಹೇಳಿದೆ. ಅವಳು ಆಗಲೇ ರಸ್ತೆಯ ಕಡೆ ನಡೆದಿದ್ದಳು.